ಉದ್ಘಾಟನೆಗೆ ಎಷ್ಟು ಮಾರ್ಕ್ಸ್ ಕೊಡ್ತೀರಿ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲಿ ಕೂತಿದ್ದೀರೋ, ಹಾಸ್ಟೆಲ್ ಟೆರೇಸ್ ಮೇಲೆ ಬಟ್ಟೆ ಒಣಗಿಸ್ತಾ ಇದ್ದೀರೋ, ಎಲ್ಲಿದ್ರೂ ಸ್ವಾಗತ. ಇವತ್ತು ಶುರುವಿನಲ್ಲೇ ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಹೈಸ್ಕೂಲ್ ದಿನಗಳ ತಾಲ್ಲೂಕು ಮಟ್ಟದ ಕ್ರೀಡಾಕೂಟ ನೆನಪಿದ್ಯಾ? ಅದರ ಉದ್ಘಾಟನೆ ಯಾರು ಮಾಡಿದ್ರು ಅಂತ ನೆನಪಿದ್ಯಾ? ಇರಲ್ಲ. ಆದ್ರೆ ಎಷ್ಟೊತ್ತು ಬಿಸಿಲಲ್ಲಿ ನಿಂತಿದ್ರಿ ಅನ್ನೋದು ಮಾತ್ರ ಕಾಲಿಗೆ ಇನ್ನೂ ನೆನಪಿರುತ್ತೆ.

ಕಳೆದ ವರ್ಷ ಅಂಥದ್ದೊಂದು ಕೂಟದಲ್ಲಿ ನಾನು ಜಡ್ಜ್ ಆಗಿದ್ದೆ. ಓಟಕ್ಕಲ್ಲ, ಕಬಡ್ಡಿಗಲ್ಲ, ಉದ್ಘಾಟನೆಯ ಪಥಸಂಚಲನಕ್ಕೆ. ನಂಗೆ ಪಾಠ ಹೇಳಿದ ಪಿಟಿ ಮೇಷ್ಟ್ರು ಹಿಂದಿನ ರಾತ್ರಿ ಫೋನ್ ಮಾಡಿದ್ರು. "ಮೂರನೇ ಜಡ್ಜ್ ಕೈಕೊಟ್ರು ಕಣಪ್ಪಾ, ನಾಳೆ ಬೆಳಗ್ಗೆ ಎಂಟೂವರೆಗೆ ಬಂದ್ಬಿಡು" ಅಂದ್ರು. ಮೇಷ್ಟ್ರು ಕರೆದ ಮೇಲೆ ಆಗಲ್ಲ ಅನ್ನೋಕಾಗುತ್ತಾ? ಹೋದೆ.

ಹೋದ ತಕ್ಷಣ ಕೈಗೆ ರಟ್ಟಿನ ಪ್ಯಾಡು, ಪೆನ್ನು, ಅಂಕಪಟ್ಟಿ ಕೊಟ್ರು. ಐದು ಕಾಲಂ, ಒಂದೊಂದಕ್ಕೆ 10 ಅಂಕ. ಸಮವಸ್ತ್ರ, ಹೆಜ್ಜೆಯ ತಾಳ, ಸಾಲಿನ ನೇರ, ವಂದನೆ, ನಾಯಕನ ಆದೇಶ. ಒಟ್ಟು 50. ಸುಲಭದ ಕೆಲಸ ಅನ್ನಿಸ್ತು.

ಕಾರ್ಯಕ್ರಮ 9 ಗಂಟೆಗೆ. ಮಕ್ಕಳು ಎಂಟೂವರೆಗೇ ಸಾಲು ನಿಂತಿದ್ರು. ಮಳೆಗಾಲ ಮುಗೀತಾ ಬಂದಾಗ ಬೀಳೋ ಬಿಸಿಲು ಹೇಗಿರುತ್ತೆ ಅಂತ ಗೊತ್ತಲ್ವಾ, ನೆಲದಿಂದಲೂ ಕಾವು ಏಳ್ತಿರುತ್ತೆ. ವೇದಿಕೆಗೆ ಶಾಮಿಯಾನ ಇತ್ತು, ಮೈದಾನಕ್ಕೆ ಇರಲಿಲ್ಲ. ಒಂಬತ್ತೂವರೆ ಆಯ್ತು. "ಮಾನ್ಯ ಅತಿಥಿಗಳು ಇನ್ನೇನು ಕೆಲವೇ ಕ್ಷಣಗಳಲ್ಲಿ ಆಗಮಿಸಲಿದ್ದಾರೆ" ಅಂತ ಮೈಕಲ್ಲಿ ಹೇಳಿದ್ರು. ಹತ್ತಕ್ಕೂ ಅದೇ ಮಾತು. ಆ ಕೆಲವೇ ಕ್ಷಣಗಳು ಮುಗಿದಾಗ 10 ಗಂಟೆ 50 ನಿಮಿಷ. ನಾನು ನೆರಳಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದೆ, ಅದನ್ನೂ ಹೇಳಬೇಕು.

ಕೊನೆಗೂ ಪಥಸಂಚಲನ ಶುರುವಾಯ್ತು. ಒಂದು ಶಾಲೆಯವರು ಬಿಳಿ ಶೂ, ಬಿಳಿ ಕೈಗವಸು, ಸ್ವಂತ ಬ್ಯಾಂಡ್ ಸೆಟ್ ಜೊತೆ ಬಂದ್ರು. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಅವರಾದ ಮೇಲೆ ಒಂದು ಹಳ್ಳಿ ಶಾಲೆ. ಬರೀ 14 ಮಕ್ಕಳು. ಕೆಲವರ ಕಾಲಲ್ಲಿ ಕ್ಯಾನ್ವಾಸ್ ಶೂ, ಕೆಲವರದ್ದು ಚಪ್ಪಲಿ, ನಾಲ್ಕೈದು ಜನ ಬರಿಗಾಲು. ಅಂಗಿ ಒಬ್ಬೊಬ್ಬರದ್ದು ಒಂದೊಂದು ನೀಲಿ. ಮುಂದೆ ಒಬ್ಬಳು ಹುಡುಗಿ, ಹತ್ತನೇ ಕ್ಲಾಸು. ವೇದಿಕೆ ಹತ್ರ ಬಂದಾಗ ಅವಳು "ದಾಹಿನೇ ದೇಖ್" ಅಂತ ಕೂಗಿದ ಗಂಟಲಿಗೆ ಹಿಂದೆ ಹರಟೆ ಹೊಡೀತಿದ್ದ ನಾವೆಲ್ಲ ಸುಮ್ಮನಾದ್ವಿ. 14 ತಲೆ ಒಂದೇ ಸಲ ತಿರುಗಿತು. ಬ್ಯಾಂಡ್ ಇರಲಿಲ್ಲ, ಹೆಜ್ಜೆಯೇ ಬ್ಯಾಂಡ್.

ಈಗ ನನ್ನ ಅಂಕಪಟ್ಟಿ ಕೇಳಿ. ಹಳ್ಳಿ ಶಾಲೆಗೆ ತಾಳ 9, ಸಾಲು 9, ವಂದನೆ 8, ಆದೇಶ 9. ಒಟ್ಟು 35. ಬ್ಯಾಂಡ್ ಸೆಟ್ ಶಾಲೆಗೆ ಅದೇ ನಾಲ್ಕು ಕಾಲಂನಲ್ಲಿ 8, 7, 8, 8. ಒಟ್ಟು 31. ಆಮೇಲೆ ಸಮವಸ್ತ್ರದ ಕಾಲಂ. ಒಬ್ಬರಿಗೆ 10, ಇನ್ನೊಬ್ಬರಿಗೆ 4. ಕೂಡಿಸಿ ನೋಡಿದ್ರೆ 41, 39. ಉಳಿದ ಇಬ್ಬರು ಜಡ್ಜ್‌ಗಳ ಪಟ್ಟಿ ಸೇರಿಸಿದಾಗಲೂ ಹಾಗೇ ಆಯ್ತು. ಚೆನ್ನಾಗಿ ನಡೆದವರು ಸೋತ್ರು. ಆ ಒಂದು ಕಾಲಂ ಮಕ್ಕಳನ್ನು ಅಳೆದಿರಲಿಲ್ಲ. ಅವರ ಅಪ್ಪ ಅಮ್ಮನ ಜೇಬನ್ನು ಅಳೆದಿತ್ತು. ನಾನು 4 ಅಂತ ಬರೆದು ಸಹಿ ಹಾಕಿ ಕೊಟ್ಟಿದ್ದೆ.

ಕಥೆ ಅಲ್ಲಿಗೇ ಮುಗಿದಿದ್ರೆ ಈ ಸಂಚಿಕೆ ಮಾಡ್ತಿರಲಿಲ್ವೇನೋ. ಭಾಷಣ, ಶಾಲು, ಸ್ಮರಣಿಕೆ, ವಂದನಾರ್ಪಣೆ ಎಲ್ಲ ಮುಗಿಯೋ ಹೊತ್ತಿಗೆ ಹನ್ನೆರಡು ದಾಟಿತ್ತು. ಮೊದಲ ಸ್ಪರ್ಧೆಗಳಲ್ಲಿ ಹುಡುಗಿಯರ 1500 ಮೀಟರ್ ಓಟ. 200 ಮೀಟರ್ ಟ್ರ್ಯಾಕಲ್ಲಿ ಏಳೂವರೆ ಸುತ್ತು. ಆ ನಾಯಕಿ ಹುಡುಗಿಯೂ ಇದ್ದಳು. ನಾಲ್ಕು ಸುತ್ತಿನವರೆಗೂ ಅವಳೇ ಮುಂದೆ. ಐದನೇ ಸುತ್ತಲ್ಲಿ ಪಕ್ಕೆ ಹಿಡ್ಕೊಂಡು ಸುಣ್ಣದ ಗೆರೆ ದಾಟಿ ಕೂತ್ಬಿಟ್ಟಳು. ಮೊದಲ ಬಸ್ಸಿಗೆ ಬಂದಿದ್ದಳಂತೆ, ಬೆಳಗ್ಗೆ ಆರಕ್ಕೆ ಏನೋ ತಿಂದಿದ್ದೇ ಕೊನೆ.

ಬಿಸಿಲಲ್ಲಿ ನಿಂತಿದ್ದರಿಂದಲೇ ಹೀಗಾಯ್ತು ಅಂತ ನಾನು ಹೇಳೋಕಾಗಲ್ಲ. ಬೇರೆ ಹುಡುಗಿಯರೂ ನಿಂತಿದ್ರು, ಅವರು ಓಡಿ ಮುಗಿಸಿದ್ರು. ಆದ್ರೆ ಒಂದು ಮಾತು. ತಾಲ್ಲೂಕಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ಅಲ್ಲಿಂದ ರಾಜ್ಯಕ್ಕೆ. ಈ ಏಣಿಯ ಕೆಳಗಿನ ಮೆಟ್ಟಿಲಲ್ಲಿ ಒಂದು ದಿನ ತಪ್ಪಿದ್ರೆ ಆ ವರ್ಷವೇ ತಪ್ಪಿದ ಹಾಗೆ. ಹತ್ತನೇ ಕ್ಲಾಸಿನ ಹುಡುಗಿಗೆ ಹೈಸ್ಕೂಲ್ ಕೂಟದಲ್ಲಿ ಇನ್ನೊಂದು ವರ್ಷ ಇರಲ್ಲ.

ಅವತ್ತು ಮನೆಗೆ ಬಂದ ಮೇಲೆ ತಲೆಯಲ್ಲಿ ಒಂದೇ ಪ್ರಶ್ನೆ. ಉದ್ಘಾಟನೆಯಲ್ಲಿ ನಡೆದ ಮಕ್ಕಳಿಗೆ ನಾನು ಅಂಕ ಕೊಟ್ಟೆ ಸರಿ, ಆ ಉದ್ಘಾಟನೆಗೇ ಅಂಕ ಕೊಡೋರು ಯಾರು?

ನೀವು ಹೇಳಬಹುದು, "ದುಡ್ಡಿಲ್ಲದ ಕೂಟ, ಅದಕ್ಕೇ ಹಾಗೆ" ಅಂತ. ನಾನೂ ಮೊದಲು ಹಾಗೇ ಅಂದ್ಕೊಂಡೆ. ಹಾಗಾಗಿ ದೊಡ್ಡವರು ಹೇಗೆ ಮಾಡ್ತಾರೆ ಅಂತ ನೋಡೋಕೆ ಹೊರಟೆ. ಯೂತ್ ಒಲಿಂಪಿಕ್ಸ್ ಗೊತ್ತಲ್ವಾ, ಹದಿಹರೆಯದವರ ಒಲಿಂಪಿಕ್ಸ್. ಮೊದಲನೆಯದು 2010ರ ಆಗಸ್ಟಲ್ಲಿ ಸಿಂಗಾಪುರದಲ್ಲಿ ಆಯ್ತು. ದೊಡ್ಡ ಒಲಿಂಪಿಕ್ಸ್‌ನಷ್ಟು ಖರ್ಚು ಬೇಡ, ಇರೋ ಮೈದಾನಗಳಲ್ಲೇ ಮಾಡೋಣ ಅನ್ನೋದು ಅದರ ಮೂಲ ವಿಚಾರ. ಆದ್ರೆ ಸಿಂಗಾಪುರ ಮೊದಲು ಹಾಕಿದ ಅಂದಾಜು 10.4 ಕೋಟಿ ಸಿಂಗಾಪುರ ಡಾಲರ್, ಕೊನೆಗೆ ಆದದ್ದು ಸುಮಾರು 38.7 ಕೋಟಿ. ಮೂರು ಪಟ್ಟಿಗೂ ಜಾಸ್ತಿ. ಅಂದ್ರೆ, ಕಡಿಮೆ ಖರ್ಚಿನ ಕೂಟ ಅಂತ ಹೆಸರಿಟ್ಟ ಮಾತ್ರಕ್ಕೆ ಖರ್ಚು ಕಡಿಮೆ ಆಗಲ್ಲ.

ಇನ್ನೊಂದು ಉದಾಹರಣೆ ನಾರ್ವೆಯ ಲಿಲ್ಲೆಹ್ಯಾಮರ್. ಸಣ್ಣ ಊರು. 1994ರಲ್ಲಿ ಅಲ್ಲಿ ಚಳಿಗಾಲದ ಒಲಿಂಪಿಕ್ಸ್ ಆಗಿತ್ತು. 2016ರಲ್ಲಿ ಯೂತ್ ಒಲಿಂಪಿಕ್ಸ್ ಬಂದಾಗ ಹೆಚ್ಚಾಗಿ ಆ ಹಳೇ ಅಂಗಳಗಳನ್ನೇ ಮತ್ತೆ ಬಳಸಿದ್ರು. ಉದ್ಘಾಟನೆಯೂ 1994ರ ಉದ್ಘಾಟನೆ ನಡೆದ ಅದೇ ಸ್ಕೀ ಜಂಪ್ ಇಳಿಜಾರಿನಲ್ಲಿ, ಅದೇ ಫೆಬ್ರವರಿ 12ರಂದು. 1994ರಲ್ಲಿ ಜ್ಯೋತಿ ಹೊತ್ತಿಸಿದ್ದು ಯುವರಾಜ ಹಾಕೋನ್. 2016ರಲ್ಲಿ ಹೊತ್ತಿಸಿದ್ದು ಅವರ ಮಗಳು ಇಂಗ್ರಿಡ್ ಅಲೆಕ್ಸಾಂಡ್ರಾ, 12 ವರ್ಷದ ಹುಡುಗಿ. ನೋಡಿದವರ ನೆನಪಲ್ಲಿ ಉಳಿಯೋಕೆ ಅಷ್ಟು ಸಾಕು. ಅಪ್ಪ ಹಚ್ಚಿದ ಕಡೆ ಮಗಳು ಹಚ್ಚೋದಕ್ಕೆ ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ.

ಮೂರನೇದು 2018ರ ಅಕ್ಟೋಬರ್ 6, ಅರ್ಜೆಂಟೀನಾದ ಬ್ಯೂನಸ್ ಐರಿಸ್. ಇವರು ಉದ್ಘಾಟನೆಯನ್ನ ಸ್ಟೇಡಿಯಂ ಒಳಗೆ ಮಾಡಲೇ ಇಲ್ಲ. ಊರ ನಡುವಿನ ದೊಡ್ಡ ರಸ್ತೆ, ಅಲ್ಲಿರೋ ಒಬೆಲಿಸ್ಕೋ ಅನ್ನೋ ಸ್ಮಾರಕ ಸ್ತಂಭ, ಅದರ ಬುಡದಲ್ಲಿ ಮಾಡಿದ್ರು. ಟಿಕೆಟ್ ಇಲ್ಲ. ಯಾರು ಬೇಕಾದ್ರೂ ಬಂದು ನೋಡಬಹುದು. ಫುಯೆರ್ಜಾ ಬ್ರುಟಾ ಅನ್ನೋ ಅಲ್ಲಿಯದೇ ತಂಡದ ಕಲಾವಿದರು ಹಗ್ಗ ಕಟ್ಕೊಂಡು ಆ ಕಂಬದ ಮೇಲೆ ಕಸರತ್ತು ಮಾಡಿದ್ರು. ರಾತ್ರಿಯ ಹೊತ್ತು, ಬಿಸಿಲಿಲ್ಲ. ಊರಿನ ಕಂಬವೇ ವೇದಿಕೆ, ಊರಿನ ಜನವೇ ಗ್ಯಾಲರಿ. ನಮ್ಮ ದೇಶದ ಬಾವುಟ ಹಿಡಿದಿದ್ದು 16 ವರ್ಷದ ಮನು ಭಾಕರ್. ಬೆಂಗಳೂರಿನ ಈಜುಗಾರ ಶ್ರೀಹರಿ ನಟರಾಜ್ ಕೂಡ ಆ ಕೂಟಕ್ಕೆ ಹೋಗಿದ್ರು. ಅಲ್ಲೇ 15 ವರ್ಷದ ಜೆರೆಮಿ ಲಾಲ್‌ರಿನ್ನುಂಗಾ ವೇಟ್‌ಲಿಫ್ಟಿಂಗ್‌ನಲ್ಲಿ ಯೂತ್ ಒಲಿಂಪಿಕ್ಸ್‌ನ ಭಾರತದ ಮೊದಲ ಚಿನ್ನ ಗೆದ್ದಿದ್ದು.

ಇವೆಲ್ಲ ಒಲಿಂಪಿಕ್ಸ್ ಅಳತೆಯಲ್ಲಿ ಕಡಿಮೆ ಖರ್ಚು ಅಷ್ಟೇ. ನಮ್ಮ ತಾಲ್ಲೂಕಿನ ಮುಂದೆ ಅವು ಬೇರೆ ಲೋಕ. ನಾವು ತಗೊಳ್ಳಬೇಕಾದ್ದು ಅವರ ದುಡ್ಡಲ್ಲ, ಅವರ ಆಯ್ಕೆ. ಇರೋದನ್ನೇ ಬಳಸಿದ್ರು, ಊರನ್ನ ಒಳಗೆ ಬಿಟ್ಟುಕೊಂಡ್ರು.

ಇನ್ನೊಂದು ವಿಷಯ ಓದಿದಾಗ ನಾನು ನಕ್ಕೇಬಿಟ್ಟೆ. ನಮ್ಮ ಮಕ್ಕಳ ಕೂಟದ ಪಥಸಂಚಲನ, ಜ್ಯೋತಿ, ಪ್ರತಿಜ್ಞೆ, ಇವೆಲ್ಲ ಒಲಿಂಪಿಕ್ಸ್ ನೋಡಿ ಕಲಿತದ್ದೇ. ಕ್ರೀಡಾಪಟು ಪ್ರತಿಜ್ಞೆ ತಗೊಳ್ಳೋ ಪದ್ಧತಿ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಿಂದ ಬಂತು. ಜ್ಯೋತಿ ಹಿಡ್ಕೊಂಡು ಓಡೋದು 1936ರ ಬರ್ಲಿನ್‌ನಿಂದ. ಎಲ್ಲಾನೂ ಕಲಿತ್ವಿ, ಒಂದನ್ನ ಮಾತ್ರ ಬಿಟ್ವಿ. ಒಲಿಂಪಿಕ್ ಚಾರ್ಟರ್ ಪ್ರಕಾರ ಕೂಟವನ್ನು ಉದ್ಘಾಟಿಸೋ ದೇಶದ ಮುಖ್ಯಸ್ಥರು ಭಾಷಣ ಮಾಡೋ ಹಾಗಿಲ್ಲ. ರಾಜ ಇರಲಿ, ರಾಷ್ಟ್ರಪತಿ ಇರಲಿ, ಮೊದಲೇ ಬರೆದಿಟ್ಟ ಒಂದೇ ಒಂದು ವಾಕ್ಯ. ಇಂಥಾ ಊರಿನ, ಇಷ್ಟನೇ ಒಲಿಂಪಿಕ್ಸ್ ಉದ್ಘಾಟನೆಯಾಗಿದೆ ಅಂತ ಘೋಷಿಸಿ ಕೂತ್ಕೋಬೇಕು. ಇಡೀ ದೇಶಕ್ಕೆ ದೊಡ್ಡವರಾದವರಿಗೆ ಒಂದು ವಾಕ್ಯ ಸಾಕಾಗುತ್ತೆ. ನಮ್ಮಲ್ಲಿ ಅತಿಥಿಗಳ ಹೆಸರು ಓದೋದಕ್ಕೇ ಹತ್ತು ನಿಮಿಷ ಬೇಕು.

ಈ ಉತ್ಸಾಹದಲ್ಲಿ ಮೇಷ್ಟ್ರ ಮನೆಗೆ ಹೋದೆ. "ಸಾರ್, ಈ ಉದ್ಘಾಟನೆನೇ ಬೇಡ ಬಿಡಿ, ನೇರವಾಗಿ ಆಟ ಶುರುಮಾಡಿ" ಅಂದೆ. ಅವರು ಕಾಫಿ ಲೋಟ ಕೆಳಗಿಟ್ಟು ಎರಡು ಮಾತು ಹೇಳಿದ್ರು. ಎರಡೂ ನನ್ನ ಬಾಯಿ ಮುಚ್ಚಿಸಿದವು.

ಮೊದಲನೇದು, "ಆ ಮಧ್ಯಾಹ್ನದ ಪಲಾವ್ ಎಲ್ಲಿಂದ ಬಂತು ಅಂದ್ಕೊಂಡೆ? ಟ್ರೋಫಿ ಯಾರು ಕೊಟ್ರು? ಶಾಮಿಯಾನದ ಬಾಡಿಗೆ ಯಾರು ಕಟ್ಟಿದ್ರು? ಇಲಾಖೆಯಿಂದ ಬರೋ ದುಡ್ಡು ಸಾಲಲ್ಲ. ಕೊಟ್ಟೋರನ್ನ ವೇದಿಕೆ ಮೇಲೆ ಕೂರಿಸಲಿಲ್ಲ ಅಂದ್ರೆ ಮುಂದಿನ ವರ್ಷ ಅವರ ಮನೆ ಬಾಗಿಲಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?" ನಿಜ. ದುಡ್ಡಿಲ್ಲದ ಕೂಟದಲ್ಲಿ ದಾನಿಗಳೇ ದಿಕ್ಕು. ಅತಿಥಿಗೆ ಕಾಯೋದು ಬರೀ ಸೋಮಾರಿತನ ಅಲ್ಲ, ಅದು ಮಕ್ಕಳ ಊಟಕ್ಕೆ ಮೇಷ್ಟ್ರು ತೀರಿಸ್ತಿರೋ ಸಾಲ. ಈ ಸಾಲ ತೀರಿಸೋಕೆ ಬಿಸಿಲಲ್ಲಿ ನಿಲ್ಲೋರು ಮಾತ್ರ ಮಕ್ಕಳು.

ಎರಡನೇದು ಇನ್ನೂ ಗಟ್ಟಿ ಮಾತು. "16 ಕಬಡ್ಡಿ ಟೀಮ್ ಬರುತ್ತೆ ಅಂದ್ಕೋ. ಮೊದಲ ರೌಂಡ್‌ಗೇ 8 ಟೀಮ್ ಔಟು. ಓಟದಲ್ಲಿ 40 ಜನ ಓಡಿದ್ರೆ ಮೆಡಲ್ ಮೂರೇ. ಬಂದಿರೋ ಮಕ್ಕಳಲ್ಲಿ ಮುಕ್ಕಾಲು ಪಾಲು ಮಧ್ಯಾಹ್ನಕ್ಕೇ ಸೋತಿರ್ತಾರೆ. ಅವರಿಗೆ ಮೈಕಲ್ಲಿ ತಮ್ಮ ಶಾಲೆ ಹೆಸರು ಕೇಳೋದು ಒಂದೇ ಸಲ, ಮಾರ್ಚ್‌ಪಾಸ್ಟಲ್ಲಿ. ಅದನ್ನೂ ಕಿತ್ಕೋಬೇಕಾ?"

ಅಲ್ಲಿ ನನ್ನ ಯೋಚನೆ ತಿರುಗಿತು. ಬಹಳಷ್ಟು ಮಕ್ಕಳಿಗೆ ಉದ್ಘಾಟನೆಯೇ ಫೈನಲ್. ಗೆಲ್ಲೋರಿಗೆ ಸಂಜೆ ಬಹುಮಾನ ಇದೆ, ಸೋಲೋರಿಗೆ ಬೆಳಗಿನ ಆ ಒಂದು ಸುತ್ತು ನಡಿಗೆ ಇದೆ. ಹಾಗಾಗಿ ಉದ್ಘಾಟನೆ ಬೇಕು. ಅದು ವೇದಿಕೆ ಮೇಲಿರೋರದ್ದಾಗದೆ, ನಡೆಯೋ ಮಕ್ಕಳದ್ದಾಗಬೇಕು.

ಹಾಗಾದ್ರೆ ಅಂಕ ಹೇಗೆ ಕೊಡೋದು? ಐದು ಕಾಲಂ, 50 ಅಂಕ ಹಾಗೇ ಇಟ್ಕೊಂಡು ನಾನೊಂದು ಪಟ್ಟಿ ಮಾಡಿದೀನಿ. ನಿಮ್ಮೂರಿನ ಕೂಟಕ್ಕೆ ಹಾಕಿ ನೋಡಿ.

ಒಂದು, ಗಡಿಯಾರ. ಹೇಳಿದ ಹೊತ್ತಿಗೆ ಶುರುವಾಯ್ತಾ? ಹತ್ತು ನಿಮಿಷ ತಡವಾದ್ರೆ ಒಂದು ಅಂಕ ಕಟ್. ಕಳೆದ ವರ್ಷದ ಕೂಟಕ್ಕೆ ಇದರಲ್ಲಿ ಸೊನ್ನೆ. ಗಡಿಯಾರ ಸರಿಯಾಗಿ ಇಟ್ಕೊಳ್ಳೋಕೆ ಒಂದು ರೂಪಾಯಿನೂ ಖರ್ಚಿಲ್ಲ.

ಎರಡು, ನೆರಳು ಮತ್ತು ನೀರು. ಮಕ್ಕಳು ಎಲ್ಲಿ ಕಾದ್ರು? ಮರದ ಕೆಳಗೆ ಕೂತು ಕಾದು, ಕರೆದಾಗ ಬಂದ್ರಾ, ಇಲ್ಲ ಬಿಸಿಲಲ್ಲಿ ಸಾವಧಾನ್ ನಿಂತ್ರಾ? ಕುಡಿಯೋ ನೀರಿನ ಕ್ಯಾನ್ ವೇದಿಕೆ ಹಿಂದೆ ಇತ್ತಾ, ಮಕ್ಕಳ ಹತ್ರ ಇತ್ತಾ?

ಮೂರು, ಮೈಕು. ಒಟ್ಟು ಹೊತ್ತಿನಲ್ಲಿ ಮೈಕು ದೊಡ್ಡವರ ಕೈಯಲ್ಲಿ ಎಷ್ಟಿತ್ತು, ಮಕ್ಕಳ ಕೈಯಲ್ಲಿ ಎಷ್ಟಿತ್ತು? ನಿಮ್ಮ ಫೋನಲ್ಲೇ ಸ್ಟಾಪ್‌ವಾಚ್ ಇದೆ, ಅಳೆದು ನೋಡಿ. ನಿರೂಪಣೆ ಒಬ್ಬ ವಿದ್ಯಾರ್ಥಿ ಮಾಡಬಹುದು. ಶಾಲೆಗಳ ಹೆಸರು ಒಬ್ಬ ವಿದ್ಯಾರ್ಥಿ ಓದಬಹುದು.

ನಾಲ್ಕು, ಯಾರು ಹೊರಗುಳಿದ್ರು? ಶೂ ಇಲ್ಲ ಅಂತ, ಬಿಳಿ ಬಟ್ಟೆ ಇಲ್ಲ ಅಂತ ಯಾರನ್ನಾದ್ರೂ ಹಿಂದಿನ ಸಾಲಿಗೆ ತಳ್ಳಿದ್ರಾ? ಗಾಲಿಕುರ್ಚಿಯಲ್ಲಿರೋ ಮಗು ನಡಿಗೆಯಲ್ಲಿ ಇತ್ತಾ, ಇಲ್ಲ ಗೇಟ್ ಹತ್ರ ಬ್ಯಾಗ್ ಕಾಯ್ತಿತ್ತಾ? ಊರಿನವರು ಒಳಗೆ ಬಂದು ನೋಡೋ ಹಾಗಿತ್ತಾ?

ಐದು, ಆಟಕ್ಕೆ ಏನು ಉಳೀತು? ಫ್ಲೆಕ್ಸು, ಹಾರ, ಶಾಲು, ಬಲೂನಿಗೆ ಹೋದ ದುಡ್ಡು ಎಷ್ಟು, ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ ಹೋದದ್ದು ಎಷ್ಟು? ಉದ್ಘಾಟನೆ ಮುಗಿದಾಗ ಓಡೋ ಮಕ್ಕಳ ಕಾಲಲ್ಲಿ ಶಕ್ತಿ ಇತ್ತಾ? ಈ ಕೊನೇ ಪ್ರಶ್ನೆಯೇ ನಂಗೆ ಎಲ್ಲಕ್ಕಿಂತ ಮುಖ್ಯ.

ಇದರಲ್ಲಿ ಡ್ರೋನ್ ಇಲ್ಲ, ಪಟಾಕಿ ಇಲ್ಲ, ಡಿಜೆ ಇಲ್ಲ. ಇದ್ರೆ ಬೇಡ ಅನ್ನಲ್ಲ. ಆದ್ರೆ ಅದಕ್ಕೆ ಅಂಕ ಇಲ್ಲ.

ಈ ವರ್ಷ ಮೇಷ್ಟ್ರು ಮತ್ತೆ ಕರೆದ್ರು. ನಾನು ಎರಡೇ ಎರಡು ಕೇಳ್ಕೊಂಡೆ. ಪಥಸಂಚಲನದ ಪಟ್ಟಿಯಲ್ಲಿ ಸಮವಸ್ತ್ರ ಕಾಲಂ ತೆಗೀರಿ, ಆಮೇಲೆ ಭಾಷಣಗಳನ್ನ ಬೆಳಗ್ಗೆಯಿಂದ ಸಂಜೆಯ ಬಹುಮಾನ ವಿತರಣೆಗೆ ಹಾಕಿ ಅಂತ. ದಾನಿಗಳಿಗೂ ಮಕ್ಕಳ ಕೈಗೆ ಟ್ರೋಫಿ ಕೊಟ್ಟು ಫೋಟೋ ತೆಗೆಸ್ಕೊಳ್ಳೋದು ಖುಷಿ ಅಲ್ವಾ? ಮೇಷ್ಟ್ರು ಒಂದು ವಾರ ಯೋಚನೆ ಮಾಡಿದ್ರು. ಆಮೇಲೆ "ಸಮವಸ್ತ್ರ ತೆಗೆಯೋಕಾಗಲ್ಲ, 'ಅಚ್ಚುಕಟ್ಟು' ಅಂತ ಬರೀತೀನಿ. ತಲೆ ಬಾಚಿ, ಗುಂಡಿ ಹಾಕಿ, ಬಟ್ಟೆ ಒಗೆದು ಬಂದ್ರೆ ಸಾಕು" ಅಂದ್ರು. ಭಾಷಣದ ವಿಷಯಕ್ಕೆ, "ಕೇಳಿ ನೋಡ್ತೀನಿ" ಅಂದ್ರು.

ಕೇಳಿದ್ರು. ಒಬ್ಬ ದಾನಿ ಬೇಜಾರು ಮಾಡ್ಕೊಂಡ್ರು, ಬರಲೇ ಇಲ್ಲ. ಇನ್ನಿಬ್ಬರು ಒಪ್ಪಿದ್ರು. ಉದ್ಘಾಟನೆ ಒಂಬತ್ತು ಹತ್ತಕ್ಕೆ ಶುರುವಾಯ್ತು, ಒಂಬತ್ತು ಐವತ್ತಕ್ಕೆ ಮುಗೀತು. ಕೂಟವನ್ನು ಉದ್ಘಾಟಿಸಿದ್ದು ಹಿಂದಿನ ವರ್ಷ ಜಿಲ್ಲೆಗೆ ಹೋಗಿದ್ದ ಒಬ್ಬ ಹುಡುಗ. ಒಂದೇ ವಾಕ್ಯ, ಅದನ್ನೂ ತೊದಲಿದ, ಎಲ್ರೂ ಚಪ್ಪಾಳೆ ಹೊಡೆದ್ರು. ಮುಖ್ಯ ಅತಿಥಿ ವಾಡಿಕೆಯಂತೆ ಹತ್ತೂಮುಕ್ಕಾಲಿಗೆ ಬಂದ್ರು. ಅಷ್ಟೊತ್ತಿಗೆ ಕಬಡ್ಡಿ ನಡೀತಿತ್ತು. ಯಾರೂ ಆಟ ನಿಲ್ಲಿಸಲಿಲ್ಲ. ಅವರು ಎರಡು ನಿಮಿಷ ಅತ್ತಿತ್ತ ನೋಡಿ, ಕುರ್ಚಿ ಎಳ್ಕೊಂಡು ಅಂಕಣದ ಪಕ್ಕ ಕೂತು ಪೂರ್ತಿ ಮ್ಯಾಚ್ ನೋಡಿದ್ರು.

ನನ್ನ ಪಟ್ಟಿಯಲ್ಲಿ ಈ ವರ್ಷದ ಉದ್ಘಾಟನೆಗೆ 50ಕ್ಕೆ 34. ನೆರಳಿಗೆ ಇನ್ನೂ ಕಮ್ಮಿ ಅಂಕ. ಮರ ಎರಡೇ ಇರೋದು, ಶಾಮಿಯಾನ ಇನ್ನೊಂದು ತರಿಸೋಕೆ ದುಡ್ಡು ಸಾಲಲಿಲ್ಲ, ಮುನಿಸ್ಕೊಂಡ ಆ ದಾನಿಯ ದುಡ್ಡೂ ಬರಲಿಲ್ಲ. ಬದಲಾವಣೆಗೂ ಒಂದು ಬೆಲೆ ಇರುತ್ತೆ, ಮುಚ್ಚಿಡೋದು ಬೇಡ.

ಪಥಸಂಚಲನದಲ್ಲಿ ಆ ಹಳ್ಳಿ ಶಾಲೆಗೆ ಎರಡನೇ ಬಹುಮಾನ ಬಂತು. ಈ ಸಲ ಅವರಿಗಿಂತ ಚೆನ್ನಾಗಿ ನಡೆದವರಿದ್ರು. ಆ ಹುಡುಗಿ ಇರಲಿಲ್ಲ. ಅವಳ ಹತ್ತನೇ ಕ್ಲಾಸ್ ಮುಗಿದುಹೋಗಿತ್ತು. ನಾನು ಕೊಟ್ಟ 4 ಈಗಲೂ ಆ ಹಳೇ ಪಟ್ಟಿಯಲ್ಲಿ ಹಾಗೇ ಇದೆ.

ನೀವು ಈಗ ಕಾಲೇಜಲ್ಲಿರಬಹುದು, ಊರಿನ ಯುವಕ ಸಂಘದಲ್ಲಿ ಕ್ರಿಕೆಟ್ ಟೂರ್ನಿ, ವಾಲಿಬಾಲ್ ಟೂರ್ನಿ ಮಾಡ್ತಿರಬಹುದು. ನಾಳೆ ಉದ್ಘಾಟನೆಯ ಪಟ್ಟಿ ಬರೆಯೋ ಪೆನ್ನು ನಿಮ್ಮ ಕೈಗೂ ಬರುತ್ತೆ. ಅವತ್ತು ವೇದಿಕೆ ಮೇಲೆ ಯಾರಿರಬೇಕು ಅಂತ ಬರೆಯೋ ಮುಂಚೆ, ಮೈದಾನದಲ್ಲಿ ಹೋಗಿ ಐದು ನಿಮಿಷ ನಿಂತು ನೋಡಿ. ಕೈಗಡಿಯಾರ ಮತ್ತು ತಲೆ ಮೇಲಿನ ಬಿಸಿಲು, ಇಬ್ಬರೂ ಒಳ್ಳೇ ಜಡ್ಜ್‌ಗಳು.

ನಿಮ್ಮೂರಿನ ಕೂಟಕ್ಕೆ 50ಕ್ಕೆ ಎಷ್ಟು ಬಂತು ಅಂತ ವಾಯ್ಸ್ ಮೆಸೇಜ್ ಕಳಿಸಿ. ಶಾಲೆಯ ಹೆಸರು, ಮೇಷ್ಟ್ರ ಹೆಸರು ಬೇಡ, ಬರೀ ಅಂಕ ಮತ್ತು ಕಾರಣ ಸಾಕು. ಮುಂದಿನ ವಾರ ಸಿಗೋಣ. ನೀರು ಕುಡಿಯೋದು ಮರೀಬೇಡಿ.